ಬುತ್ತಿ ಕಟ್ಟುವ ಮುನ್ನ: ಶ್ರೀಶೈಲದ ಕಾಡುದಾರಿಗೆ ಬ್ಯಾಗು, ರೊಟ್ಟಿ, ನೀರಿನ ಲೆಕ್ಕ

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತುಸು ತಿದ್ದಿದ್ದೇವೆ. ಮಾತಿನ ಧಾಟಿ ಹಾಗೇ ಉಳಿಸಿಕೊಂಡಿದ್ದೇವೆ.)

 

ಹೋದ ವಾರ ಬೆಟಗೇರಿಯ ಒಬ್ಬ ಕೇಳುಗ ಮೆಸೇಜ್ ಕಳಿಸಿದ್ದ. "ಅಣ್ಣಾ, ಹಿಮಾಲಯಕ್ಕೆ ಬ್ಯಾಕ್‌ಪ್ಯಾಕಿಂಗ್ ಹೋಗಬೇಕು ಅಂತ ಆಸೆ ಐತಿ. ಯಾವ ಬ್ಯಾಗು ತಗೋಬೇಕು, ಏನು ತಿನ್ನಬೇಕು, ನೀರು ಎಷ್ಟು ಒಯ್ಯಬೇಕು ಹೇಳು." ನಾನು ತಿರುಗಿ ಕೇಳಿದೆ: "ನಿಮ್ಮ ಮನಿಯಾಗ ಯಾರಾದರೂ ಶ್ರೀಶೈಲಕ್ಕೆ ನಡಕೊಂಡು ಹೋಗ್ಯಾರೇನು?" ಅವನು ಹೇಳಿದ: "ಹೂಂ, ನಮ್ಮ ಕಾಕಾ ಪ್ರತಿ ವರ್ಷ ಹೋಗ್ತಾನ."

ಅಲ್ಲಿಗೆ ನನಗೆ ಈ ಸಂಚಿಕೆ ಸಿಕ್ಕಿತು. ಯಾಕಂದ್ರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಜನ ತಲೆಮಾರುಗಳಿಂದ ಬೆನ್ನ ಮೇಲೆ ಗಂಟು ಕಟ್ಟಿಕೊಂಡು, ಬುತ್ತಿ ಹೊತ್ತುಕೊಂಡು ದೂರದ ಬೆಟ್ಟಕ್ಕೆ ನಡೆಯುತ್ತಲೇ ಬಂದಿದ್ದಾರೆ. ಅದಕ್ಕೆ ನಾವು ಬ್ಯಾಕ್‌ಪ್ಯಾಕಿಂಗ್ ಅನ್ನೋದಿಲ್ಲ, ಪಾದಯಾತ್ರೆ ಅಂತೀವಿ ಅಷ್ಟೇ. ಇವತ್ತು ಆ ದಾರಿಗೆ ತಯಾರಿ ಹೆಂಗ ಮಾಡಬೇಕು ಅನ್ನೋದನ್ನ ಲೆಕ್ಕ ಹಾಕಿ ನೋಡೋಣ. ಭಕ್ತಿ ನಿಮ್ಮ ನಿಮ್ಮ ಮನಸ್ಸಿಗೆ ಬಿಟ್ಟಿದ್ದು. ಬಿಸಿಲು, ನೀರು, ಕಾಲು ಮಾತ್ರ ಎಲ್ಲರಿಗೂ ಒಂದೇ.

ಒಂದು ಯಾತ್ರೆ ಅಲ್ಲ, ಎರಡು

ಮೊದಲು ದಾರಿ ಅರ್ಥ ಮಾಡ್ಕೊಳ್ರಿ. ಶ್ರೀಶೈಲ ಇರೋದು ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯಲ್ಲಿ, ನಲ್ಲಮಲ ಬೆಟ್ಟಸಾಲಿನ ನಡುವೆ. ಗದಗದಿಂದ 350 ಕಿಲೋಮೀಟರ್‌ಗಿಂತ ಹೆಚ್ಚು. ದಿನಕ್ಕೆ 30 ಕಿಲೋಮೀಟರ್ ನಡೆದರೂ 12 ದಿನದ ಮೇಲೆ ಬೇಕು. ಉತ್ತರ ಕರ್ನಾಟಕದ ಜನ ಹೆಚ್ಚಾಗಿ ಹೋಗೋದು ಯುಗಾದಿಗೆ. ಭ್ರಮರಾಂಬೆ ನಮ್ಮ ಮನಿ ಮಗಳು, ಮಲ್ಲಯ್ಯ ನಮ್ಮ ಅಳಿಯ ಅನ್ನೋ ಮಾತು ನಮ್ಮ ಕಡೆ ಐತಿ. ಹಬ್ಬಕ್ಕೆ ಮಗಳ ಮನಿಗೆ ಹೋಗೂದು ತಪ್ಪಿಸಬಾರದು ಅಂತ ಜನ ಮಲ್ಲಯ್ಯನ ಕಂಬಿ ಹೊತ್ತು ಹೊರಡುತ್ತಾರೆ. ಯುಗಾದಿ ಅಂದ್ರೆ ಮಾರ್ಚ್–ಏಪ್ರಿಲ್. ರಾಯಚೂರು, ಕರ್ನೂಲು ಸೀಮೆಯಲ್ಲಿ ಆಗ ಉಷ್ಣಾಂಶ 40 ಡಿಗ್ರಿ ಮುಟ್ಟೋದು ಹೊಸದೇನಲ್ಲ.

ಈ ದಾರಿಯಲ್ಲಿ ಎರಡು ಭಾಗ. ಮೊದಲನೆಯದು ಡಾಂಬರು ರಸ್ತೆ. ಕೊಪ್ಪಳ, ಸಿಂಧನೂರು, ರಾಯಚೂರು ಸೀಮೆ ದಾಟಿ ಕರ್ನೂಲು, ಅಲ್ಲಿಂದ ಆತ್ಮಕೂರು. ಇಲ್ಲಿ ಊರು ಸಿಗ್ತಾವ, ಅಂಗಡಿ ಸಿಗ್ತಾವ, ದಾಸೋಹದ ಪೆಂಡಾಲು ಸಿಗ್ತಾವ. ಬಹಳಷ್ಟು ತಂಡಗಳ ಹಿಂದೆ ಟ್ರ್ಯಾಕ್ಟರೋ ಟೆಂಪೋನೋ ಬರ್ತಿರ್ತೈತಿ. ರೊಟ್ಟಿ ಗಂಟು, ಹಾಸಿಗೆ, ಪಾತ್ರೆ ಎಲ್ಲಾ ಅದರಲ್ಲಿ. ನಡೆಯುವವರ ಕೈಯಲ್ಲಿ ಒಂದು ಬಾಟಲಿ, ಒಂದು ಟುವ್ವಾಲು.

ಎರಡನೆಯದು ಕಾಡು. ಆತ್ಮಕೂರು ಹತ್ತಿರದ ವೆಂಕಟಾಪುರದಿಂದ ಕಾಲುದಾರಿ ಹಿಡಿದು ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಕೈಲಾಸದ್ವಾರ, ಆಮೇಲೆ ಶ್ರೀಶೈಲ. ಸುಮಾರು 40-45 ಕಿಲೋಮೀಟರ್. ಇದು ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ, ದೇಶದಲ್ಲೇ ಅತಿ ದೊಡ್ಡದು. ಅರಣ್ಯ ಇಲಾಖೆ ಶಿವರಾತ್ರಿ, ಯುಗಾದಿ ಕಾಲಕ್ಕೆ ನಿಗದಿತ ದಿನಗಳು ಮಾತ್ರ ದಾರಿ ಬಿಡುತ್ತೆ. ನಿಮ್ಮ ಟ್ರ್ಯಾಕ್ಟರ್ ಇಲ್ಲಿಗೆ ಬರೋದಿಲ್ಲ. ಅದು ಸುತ್ತು ಹಾಕಿ ರಸ್ತೆ ಮೇಲೆ ಶ್ರೀಶೈಲ ಸೇರುತ್ತೆ.

ತಪ್ಪು ಆಗೋದು ಇಲ್ಲೇ. ಹತ್ತು ದಿನ ಬರಿಗೈಲಿ ನಡೆದು ಅಭ್ಯಾಸ ಆದವರು ಹನ್ನೊಂದನೇ ದಿನ ಹಠಾತ್ತನೆ ಬೆನ್ನ ಮೇಲೆ ಹೊರೆ ಹೊತ್ತುಕೊಂಡು ಬೆಟ್ಟ ಹತ್ತಬೇಕು. ಏನು ಹೊರಬೇಕು, ಎಷ್ಟು ಹೊರಬೇಕು ಅಂತ ಯೋಚನೆ ಮಾಡಿರೋದೇ ಇಲ್ಲ. ನಾನೂ ಮಾಡಿರಲಿಲ್ಲ.

ನಾನು ಮಾಡಿದ ತಪ್ಪು

ನಾಲ್ಕು ವರ್ಷದ ಹಿಂದಿನ ಮಾತು. ನಾವು ಆರು ಮಂದಿ ಗೆಳೆಯರು, ಎಲ್ಲರದೂ ಮೊದಲ ಸಲ. ವೆಂಕಟಾಪುರದಲ್ಲಿ ವಸ್ತಿ. ಹಿರಿಯರು ನಸುಕಿನಲ್ಲೇ ಎದ್ದು ಹೊರಟರು. ನಾವು ರಾತ್ರಿಯೆಲ್ಲಾ ಹರಟೆ ಹೊಡೆದು ಮಲಗಿದವರು, ಎದ್ದು ಚಹಾ ಕುಡಿದು, ಫೋಟೋ ತೆಗೆದು ಹೊರಡೋವಷ್ಟರಲ್ಲಿ ಹತ್ತೂವರೆ. ನನ್ನ ಬ್ಯಾಗಿನ ತೂಕ 13 ಕೆ.ಜಿ. ಮೂರು ಪ್ಯಾಂಟು, ಒಂದು ಕೌದಿ, ಸ್ಪೀಕರು, ಎರಡು ದಿನಕ್ಕೆ ಬೇಡವಾದಷ್ಟು ಬಿಸ್ಕತ್ತು. ನೀರು? ಒಂದು ಲೀಟರ್. "ಮುಂದ ಸಿಗ್ತೈತಿ ಬಿಡೋ" ಅಂದಿದ್ದೆವು.

ನಾಗಲೂಟಿ ಇನ್ನೂ ದೂರ ಇತ್ತು. ಮುಂಡರಗಿಯ ನನ್ನ ಗೆಳೆಯ ಹಿಂದೆ ಬೀಳತೊಡಗಿದ. ತಿರುಗಿ ನೋಡಿದರೆ ಅವನು ಒಂದು ಬಂಡೆಗೆ ಕೈ ಕೊಟ್ಟು ನಿಂತಿದ್ದ. "ನೀರು ಕುಡಿತೀಯೇನೋ" ಅಂದೆ. ಅವನು "ಬಸ್ ಎಷ್ಟಕ್ಕ ಐತಿ?" ಅಂದ. ನಾವು ನಕ್ಕೆವು. ಜೋಕು ಮಾಡ್ತಾನ ಅಂದುಕೊಂಡೆವು. ಮತ್ತೆ ಅದನ್ನೇ ಕೇಳಿದ. ಮುಖ ಕೆಂಪಾಗಿತ್ತು. ಕೈ ಮುಟ್ಟಿದರೆ ಒಲೆ ಮುಟ್ಟಿದಂಗ.

ಹಿಂದಿನಿಂದ ಬರ್ತಿದ್ದ ಶಿರಹಟ್ಟಿ ಕಡೆಯ ಒಬ್ಬ ಅಜ್ಜಿ ಒಂದೇ ನೋಟಕ್ಕೆ ತಿಳಿದುಕೊಂಡಳು. "ನಗಬ್ಯಾಡ್ರೋ ಹುಚ್ಚಪ್ಪಗಳ್ರಾ, ಅವಗ ಬಿಸಿಲು ಬಡದೈತಿ" ಅಂದವಳೇ ಅವನನ್ನ ನೆರಳಿಗೆ ಎಳೆಸಿದಳು. ಅಂಗಿ ಬಿಚ್ಚಿಸಿದಳು. ತನ್ನ ಕುಡಿಯುವ ನೀರು ಇದ್ದಷ್ಟೂ ಅವನ ತಲೆ, ಕುತ್ತಿಗೆ, ಕಂಕುಳಿಗೆ ಸುರಿದು ಸೆರಗಿನಿಂದ ಗಾಳಿ ಹಾಕಿದಳು. ನಾವು ಐದು ಮಂದಿ ಸೇರಿಸಿದರೂ ನಮ್ಮ ಹತ್ತಿರ ಅಷ್ಟು ನೀರು ಇರಲಿಲ್ಲ. ಅರ್ಧ ತಾಸಿನ ಮೇಲೆ ಅವನು ನಮ್ಮ ಗುರುತು ಹಿಡಿದ. ಅಜ್ಜಿಯ ತಂಡದವರು ಹಿಂದಿನಿಂದ ನೀರು ತಂದುಕೊಂಡು ಬಂದರು, ಅವಳು ಮುಂದೆ ಹೋದಳು.

ನಾವು ಹಿಂದಕ್ಕೆ ತಿರುಗಿದೆವು. ಅವನು ಅಳ್ತಿದ್ದ, ಹನ್ನೆರಡು ದಿನ ನಡೆದು ಬಾಗಿಲಿಗೆ ಬಂದು ವಾಪಸ್ ಹೋಗೋದಾ ಅಂತ. ಅಜ್ಜಿ ಹೋಗುವಾಗ ಹೇಳಿದ್ದು ಇನ್ನೂ ನೆನಪೈತಿ: "ಮಲ್ಲಯ್ಯ ಎಲ್ಲೂ ಹೋಗಂಗಿಲ್ಲ ತಮ್ಮಾ. ಮುಂದಿನ ವರ್ಷ ಬಾ. ನೀ ಇದ್ದರ ಬರ್ತಿ."

ಆ ವರ್ಷ ನಮ್ಮ ಆರೂ ಮಂದಿಗೆ ದರ್ಶನ ಆಗಲಿಲ್ಲ. ಮುಂದಿನ ವರ್ಷ ಹೋದೆವು. ಇವತ್ತಿನ ಲೆಕ್ಕ ಎಲ್ಲಾ ಆ ಒಂದು ವರ್ಷದ ನಡುವೆ ಕಲಿತದ್ದು.

ಮೊದಲು ನೀರು

ಒಂದು ಲೀಟರ್ ನೀರು ಅಂದ್ರೆ ಒಂದು ಕೆ.ಜಿ. ಬ್ಯಾಗಿನಲ್ಲಿ ಅತಿ ಭಾರದ ವಸ್ತು ಅದೇ. ಅದಕ್ಕೇ ಜನ ಮೊದಲು ನೀರನ್ನೇ ಕಡಿಮೆ ಮಾಡ್ತಾರೆ. ಉಲ್ಟಾ ಮಾಡ್ರಿ. ಮೊದಲು ನೀರಿಗೆ ಜಾಗ ಇಡ್ರಿ, ಉಳಿದ ಜಾಗದಲ್ಲಿ ಬಾಕಿ ಸಾಮಾನು.

ಬಿಸಿಲಲ್ಲಿ ಏರು ಹತ್ತುವಾಗ ತಾಸಿಗೆ ಅರ್ಧ ಲೀಟರಿನಿಂದ ಒಂದು ಲೀಟರ್ ತನಕ ಬೆವರು ಹೋಗುತ್ತೆ. ನಡುವೆ ನೀರು ತುಂಬಿಕೊಳ್ಳಲು ನಾಲ್ಕೈದು ತಾಸು ಆಗಬಹುದು ಅಂತ ಹಿಡಿದರೆ ಕಾಡಿಗೆ ಇಳಿಯುವಾಗ ಒಬ್ಬೊಬ್ಬರ ಹತ್ತಿರ 4 ಲೀಟರ್ ಇರಬೇಕು. ಯಾತ್ರೆ ಕಾಲಕ್ಕೆ ದಾರಿಯಲ್ಲಿ ನೀರಿನ ವ್ಯವಸ್ಥೆ, ಅನ್ನದಾನ ಮಾಡುವ ಪುಣ್ಯಾತ್ಮರು ಇರ್ತಾರೆ, ಅದು ನಿಜ. ಆದರೆ ನೀವು ಹೋದ ಹೊತ್ತಿಗೆ ಟ್ಯಾಂಕ್ ಖಾಲಿ ಇರಬಹುದು. ಇನ್ನೊಬ್ಬರ ನೀರನ್ನ ನಂಬಿ ಕಾಡು ಹೊಗಬಾರದು.

ನಾಲ್ಕು ಲೀಟರನ್ನ ಒಂದೇ ಕ್ಯಾನಿನಲ್ಲಿ ಇಡಬೇಡಿ. ಒಂದೊಂದು ಲೀಟರಿನ ನಾಲ್ಕು ಬಾಟಲಿ ಮಾಡ್ರಿ. ಒಂದು ಒಡೆದರೆ ಮೂರು ಉಳೀತಾವ. ಎಷ್ಟು ಖರ್ಚಾಯಿತು ಅನ್ನೋದೂ ಕಣ್ಣಿಗೆ ಕಾಣ್ತೈತಿ. ಒಂದಕ್ಕೆ ಹಳೇ ಕಾಟನ್ ಬಟ್ಟೆ ಸುತ್ತಿ ಒದ್ದೆ ಮಾಡಿದರೆ ಗಾಳಿಗೆ ಆರುತ್ತಾ ನೀರು ತಂಪಾಗಿರುತ್ತೆ. ಮಣ್ಣಿನ ಹರವಿಯಲ್ಲಿ ನೀರು ತಂಪಾಗೋದು ಇದೇ ಕಾರಣಕ್ಕೆ.

ಕುಡಿಯೋ ರೀತಿಯೂ ಮುಖ್ಯ. ಬಾಯಾರಿದಾಗ ಗಟಗಟ ಒಂದು ಲೀಟರ್ ಅಲ್ಲ. 15-20 ನಿಮಿಷಕ್ಕೊಮ್ಮೆ ನಾಲ್ಕೈದು ಗುಟುಕು. ಇನ್ನೊಂದು ಮಾತು: ಬೆವರಿನ ಜೊತೆ ಉಪ್ಪೂ ಹೋಗುತ್ತೆ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಗೊಂದಲ ಶುರುವಾಗಬಹುದು. ಅದಕ್ಕೆ ನಾಲ್ಕರಲ್ಲಿ ಒಂದು ಬಾಟಲಿಗೆ ಓಆರ್‌ಎಸ್. ಪ್ಯಾಕೆಟ್ ಮೇಲೆ ಒಂದು ಲೀಟರಿಗೆ ಅಂತಿದ್ದರೆ ಪೂರ್ತಿ ಒಂದು ಲೀಟರಿಗೇ ಕಲಸಬೇಕು, ಅರ್ಧ ಗ್ಲಾಸಿಗೆ ಕಲಸಿ ಕುಡಿಯೋದಲ್ಲ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಬೇಕಾದರೆ ಮೇಲೆ ನಿಂಬಿಹಣ್ಣು ಹಿಂಡಿಕೊಳ್ರಿ. ಬಿಪಿ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರು ಮೊದಲೇ ಡಾಕ್ಟರನ್ನ ಕೇಳಿಕೊಂಡು ಹೊರಡಬೇಕು.

ನೀರು ಸಾಕಾಗ್ತಿದೆಯೋ ಇಲ್ಲವೋ ಅಂತ ತಿಳಿಯೋದು ಹೆಂಗ? ಮೂತ್ರದ ಬಣ್ಣ ನೋಡ್ರಿ. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿ ಆದರೆ ಕುಂತು ನೀರು ಕುಡೀರಿ.

ಕೆರೆ, ಕುಂಟೆಯ ನೀರನ್ನ ಹಾಗೇ ಕುಡಿಯಬೇಡಿ. ಮೇಲಿಂದ ತಿಳಿಯಾಗಿ ಕಂಡರೂ ಹೊಟ್ಟೆ ಕೆಡಿಸೋ ಜೀವಾಣು ಕಣ್ಣಿಗೆ ಕಾಣೋದಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕ್ಲೋರಿನ್ ಗುಳಿಗೆ ಸಿಗುತ್ತೆ. ಬಟ್ಟೆಯಲ್ಲಿ ಸೋಸಿ, ಗುಳಿಗೆ ಹಾಕಿ, ಪ್ಯಾಕೆಟ್ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ ಅರ್ಧ ತಾಸು, ಬಿಟ್ಟು ಕುಡೀರಿ. ಕುದಿಸುತ್ತೇನೆ ಅನ್ನಬೇಡಿ. ಬೇಸಿಗೆಯ ಒಣ ಕಾಡಿನಲ್ಲಿ ಬೆಂಕಿ ಹಚ್ಚೋದು ಅಪರಾಧ.

ಬುತ್ತಿ: ನಮ್ಮ ಅಡುಗೆಮನೆಯ ಜಾಣತನ

ಆನ್‌ಲೈನ್‌ನಲ್ಲಿ ಚಾರಣದ ಆಹಾರ ಅಂತ ಹುಡುಕಿದರೆ ಒಂದು ಪ್ಯಾಕೆಟ್‌ಗೆ ಮುನ್ನೂರು, ನಾನೂರು ರೂಪಾಯಿಯ ಒಣಗಿಸಿದ ಊಟ ತೋರಿಸ್ತಾರೆ. ಅದರ ಹಿಂದಿನ ತತ್ವ ಇಷ್ಟೇ: ನೀರಿನಂಶ ತೆಗೆದರೆ ತೂಕ ಇಳಿಯುತ್ತೆ, ಬೂಸ್ಟು ಹಿಡಿಯೋದಿಲ್ಲ. ಇದನ್ನ ನಮ್ಮ ಅವ್ವಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಖಡಕ್ ರೊಟ್ಟಿ ಅಂದ್ರೆ ಅದೇ. ತೆಳ್ಳಗೆ ಬಡಿದು, ಬೇಯಿಸಿ, ಪೂರ್ತಿ ಒಣಗಿಸಿದ ಜೋಳದ ರೊಟ್ಟಿ ತಿಂಗಳಾದರೂ ಕೆಡೋದಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಹಾಗೇ.

ದಿನಕ್ಕೆ 30 ಕಿಲೋಮೀಟರ್ ನಡೆಯೋ 60 ಕೆ.ಜಿ. ತೂಕದ ಹುಡುಗನಿಗೆ ಸುಮಾರು 3,000 ಕ್ಯಾಲರಿ ಬೇಕು. ಕಾಡಿನ ಒಂದು ದಿನದ ಬುತ್ತಿಯನ್ನ ನಾನು ಹೀಗೆ ಕಟ್ಟುತ್ತೇನೆ:

- ಖಡಕ್ ರೊಟ್ಟಿ, ತೆಳ್ಳನೆಯವು ಎಂಟು. ಸುಮಾರು 280 ಗ್ರಾಂ.
- ಶೇಂಗಾ ಚಟ್ನಿ ಅಥವಾ ಗುರೆಳ್ಳ ಚಟ್ನಿ, 60 ಗ್ರಾಂ.
- ಶೇಂಗಾ ಉಂಡಿ, 200 ಗ್ರಾಂ.
- ಹಚ್ಚಿದ ಅವಲಕ್ಕಿ ಅಥವಾ ಅಳ್ಳಿಟ್ಟು, 100 ಗ್ರಾಂ.

ಒಟ್ಟು 650 ಗ್ರಾಂ ಆಸುಪಾಸು, ಸುಮಾರು 2,600 ಕ್ಯಾಲರಿ. ಉಳಿದದ್ದು ದಾರಿಯ ಪ್ರಸಾದ, ಮಜ್ಜಿಗೆ, ಬಾಳೆಹಣ್ಣಿನಿಂದ ತುಂಬಿಕೊಳ್ಳುತ್ತೆ. ಇಲ್ಲಿ ಶೇಂಗಾದ ಪಾತ್ರ ದೊಡ್ಡದು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 560 ಕ್ಯಾಲರಿ ಐತಿ, ಅಕ್ಕಿ-ಜೋಳಕ್ಕಿಂತ ಒಂದೂವರೆ ಪಟ್ಟು ಹೆಚ್ಚು. ಬೆಲ್ಲ ಬೇಗ ಶಕ್ತಿ ಕೊಡುತ್ತೆ, ಶೇಂಗಾದ ಎಣ್ಣೆ ನಿಧಾನಕ್ಕೆ ಕೊಡುತ್ತೆ. ಎರಡೂ ಒಂದೇ ಉಂಡಿಯಲ್ಲಿ. ಇನ್ನು ಚಟ್ನಿ ಬರೀ ರುಚಿಗಲ್ಲ, ಬೆವರಿನಲ್ಲಿ ಹೋದ ಉಪ್ಪನ್ನ ವಾಪಸ್ ಕೊಡೋದು ಅದೇ.

ಏನು ಒಯ್ಯಬಾರದು? ಕಡಲೆಹಿಟ್ಟಿನ ಕರಿದ ತಿಂಡಿ ಹೆಚ್ಚು ಬೇಡ, ದಾಹ ಹೆಚ್ಚಿಸುತ್ತೆ. ಬದನೆಕಾಯಿ ಎಣ್ಣೆಗಾಯಿ, ಮೊಸರನ್ನ ಆ ಬಿಸಿಲಿಗೆ ಮಧ್ಯಾಹ್ನದೊಳಗೆ ಹಳಸುತ್ತೆ. ಹೋಳಿಗೆಯಲ್ಲಿ ಶೇಂಗಾ ಹೋಳಿಗೆ ತಾಳುತ್ತೆ, ಹೂರಣದ ಹೋಳಿಗೆ ತಾಳೋದಿಲ್ಲ. ರೊಟ್ಟಿಯನ್ನ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಬೇಡಿ. ಒಳಗೆ ಬೆವರಿ ಮೆತ್ತಗಾಗುತ್ತೆ. ಕಾಟನ್ ಬಟ್ಟೆಯಲ್ಲಿ ಸುತ್ತಿ, ಒಡೆಯದಂತೆ ಬ್ಯಾಗಿನ ಬೆನ್ನಿನ ಬದಿಗೆ ನಿಲ್ಲಿಸಿ ಇಡ್ರಿ. ಒಡೆದರೂ ಚಿಂತೆ ಇಲ್ಲ, ಚೂರಿಗೆ ಚಟ್ನಿ ಕಲಸಿದರೆ ಅದೂ ಊಟವೇ.

ಮತ್ತೆ, ಒಂದೇ ಸಲ ಹೊಟ್ಟೆ ತುಂಬ ತಿಂದು ಏರು ಹತ್ತಬೇಡಿ. ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ.

ಬ್ಯಾಗು: ತಕ್ಕಡಿ ಇಟ್ಟುಕೊಂಡು ಕಟ್ಟಿ

ನಿಮ್ಮ ತೂಕದ ನೂರಕ್ಕೆ 10ರಿಂದ 15ರಷ್ಟು ಮಾತ್ರ ಹೊರೆ ಇರಲಿ. 60 ಕೆ.ಜಿ. ಇದ್ದವರಿಗೆ 6ರಿಂದ 9 ಕೆ.ಜಿ. ಈಗ ಕೂಡಿಸಿ ನೋಡ್ರಿ. ಖಾಲಿ ಬ್ಯಾಗು 1 ಕೆ.ಜಿ., ನೀರು 4, ಎರಡು ದಿನದ ಬುತ್ತಿ 1.3, ಬಟ್ಟೆ-ಚಾದರ 1, ಔಷಧಿ-ಟಾರ್ಚ್-ಪವರ್‌ಬ್ಯಾಂಕ್ ಮುಕ್ಕಾಲು ಕೆ.ಜಿ. ಒಟ್ಟು 8 ಚಿಲ್ಲರೆ. ಸಾಕು. ನನ್ನ ಆ 13 ಕೆ.ಜಿ. ಬ್ಯಾಗಿನಲ್ಲಿ ಜೀವ ಉಳಿಸೋ ವಸ್ತು ಒಂದೇ ಕೆ.ಜಿ. ಇತ್ತು ಅನ್ನೋದು ಈಗ ನೆನಪಾದರೆ ನಾಚಿಕೆ ಆಗುತ್ತೆ.

ಬ್ಯಾಗು 30-40 ಲೀಟರ್ ಅಳತೆಯದು ಸಾಕು. ಬ್ರಾಂಡ್ ನೋಡಬೇಡಿ, ಸೊಂಟದ ಬೆಲ್ಟು ನೋಡಿ. ಬೆಲ್ಟು ಬಿಗಿದಾಗ ಭಾರ ಹೆಗಲಿನಿಂದ ಸೊಂಟಕ್ಕೆ ಇಳಿಯಬೇಕು. ಕಾಲೇಜು ಬ್ಯಾಗಿಗೆ ಅದು ಇರೋದಿಲ್ಲ, ಎರಡನೇ ದಿನಕ್ಕೆ ಹೆಗಲು ಹರಿಯುತ್ತೆ. ಭಾರದ ಸಾಮಾನು, ಅಂದ್ರೆ ನೀರು, ಬೆನ್ನಿಗೆ ಹತ್ತಿರ, ನಡು ಎತ್ತರದಲ್ಲಿ. ಹಗುರದ ಬಟ್ಟೆ ಕೆಳಗೆ. ಪದೇ ಪದೇ ಬೇಕಾಗುವ ಓಆರ್‌ಎಸ್, ಉಂಡಿ, ಟುವ್ವಾಲು ಮೇಲಿನ ಜೇಬಿಗೆ.

ಕೌದಿ ಮನೆಯಲ್ಲೇ ಇರಲಿ. ಅದರ ಮೇಲೆ ಪ್ರೀತಿ ನನಗೂ ಐತಿ, ಆದರೆ ತೂಕ ಕಡಿಮೆ ಏನಲ್ಲ. ತೆಳು ಚಾದರ ಸಾಕು. ತುಂಬುತೋಳಿನ ಸಡಿಲ ಅಂಗಿ ಎರಡು, ತಲೆಗೆ ಅಗಲ ಟೊಪ್ಪಿಗೆ ಅಥವಾ ರುಮಾಲು. ಹಿರಿಯರು ರುಮಾಲು ಸುತ್ತೋದು ಶೋಕಿಗಲ್ಲ. ಬಿಸಿಲಿಗೆ ನೆರಳು, ಒದ್ದೆ ಮಾಡಿದರೆ ತಂಪು, ಬಿದ್ದರೆ ಪಟ್ಟಿ.

ಕಾಲು ಇದ್ದರ ದಾರಿ

ಹೊಸ ಶೂ ಹಾಕ್ಕೊಂಡು ಹೊರಡೋದು ದೊಡ್ಡ ತಪ್ಪು. ಕನಿಷ್ಠ ಒಂದೂವರೆ ತಿಂಗಳು ಹಾಕಿ ಪಳಗಿಸಿದ ಶೂ ಇರಲಿ. ನಡೆದಂತೆ ಪಾದ ಊದುತ್ತೆ, ಅದಕ್ಕೆ ಅರ್ಧ ಸೈಜು ದೊಡ್ಡದು. ಸಾಕ್ಸ್ ಮೂರು ಜೊತೆ, ಬೆವರು ಹೀರಿ ಒದ್ದೆಯಾಗೇ ಉಳಿಯುವ ದಪ್ಪ ಕಾಟನ್ ಬೇಡ.

ಗುಳ್ಳೆ ಏಳೋ ಮೊದಲು ಆ ಜಾಗ ಬಿಸಿಬಿಸಿ ಆಗುತ್ತೆ. ಅದೇ ಎಚ್ಚರಿಕೆ. ಅಲ್ಲೇ ಕುಂತು, ಕಾಲು ಒರೆಸಿ, ಮೆಡಿಕಲ್ ಟೇಪ್ ಹಚ್ಚಿ. "ಮುಂದಿನ ಊರಿಗೆ ಹೋಗಿ ನೋಡೋಣ" ಅಂದರೆ ಗುಳ್ಳೆ ಎದ್ದಿರುತ್ತೆ. ಎದ್ದ ಗುಳ್ಳೆಯ ಚರ್ಮ ಕಿತ್ತು ಹಾಕಬೇಡಿ. ತೊಡೆ ಉಜ್ಜೋ ಕಡೆ, ಬೆರಳ ಸಂದಿಗೆ ಕೊಬ್ರಿ ಎಣ್ಣಿ ಅಥವಾ ವ್ಯಾಸಲೀನ್.

ಬರಿಗಾಲಲ್ಲೇ ಹೋಗೋ ಹರಕೆ ಇದ್ದವರೂ ಇದ್ದೀರಿ. ಅದು ನಿಮ್ಮ ನಂಬಿಕೆ, ನಾನು ಬೇಡ ಅನ್ನೋದಿಲ್ಲ. ಆದರೆ ಹೊತ್ತು ನೋಡಿಕೊಳ್ಳಿ. ಮಧ್ಯಾಹ್ನದ ಡಾಂಬರು ಗಾಳಿಗಿಂತ ಎಷ್ಟೋ ಬಿಸಿ ಇರುತ್ತೆ, ಚರ್ಮ ಸುಡುತ್ತೆ. ಹಿರಿಯ ಯಾತ್ರಿಗಳ ಕ್ರಮ ಇದು: ನಸುಕಿನ ಮೂರು-ನಾಲ್ಕಕ್ಕೆ ಎದ್ದು ನಡೆದು, ಹೊತ್ತು ಏರಿದಾಗ, ಅಂದ್ರೆ ಹತ್ತರೊಳಗೆ, ನೆರಳು ಹಿಡಿಯೋದು. ಮತ್ತೆ ಸಂಜೆ ನಾಲ್ಕೂವರೆ ಮೇಲೆ. ಕಾಡಿನಲ್ಲಿ ಮಾತ್ರ ಕತ್ತಲಲ್ಲಿ ಒಬ್ಬೊಬ್ಬರೇ ಹೋಗಬೇಡಿ. ಅಲ್ಲಿ ಅರಣ್ಯ ಇಲಾಖೆ ಹೇಳಿದ ಹೊತ್ತೇ ಅಂತಿಮ.

ರಸ್ತೆ ಮೇಲೆ ಕತ್ತಲಲ್ಲಿ ನಡೆಯುವಾಗ ಇನ್ನೊಂದು ಅಪಾಯ ಐತಿ: ಲಾರಿ. ಗದಗ-ಕೊಪ್ಪಳ ನಡುವಿನ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ರಾತ್ರಿ ಓಡಾಡಿದವರಿಗೆ ಗೊತ್ತು. ವಾಹನ ಎದುರಿಗೆ ಕಾಣೋ ಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು, ರಸ್ತೆ ಅಂಚಿನಿಂದ ಕೆಳಗೆ ಇಳಿದು ನಡೀರಿ. ಬ್ಯಾಗಿನ ಮೇಲೆ ಹೊಳೆಯುವ ಟೇಪ್ ಅಂಟಿಸಿ. ಇಯರ್‌ಫೋನ್ ಕಿವಿಯಿಂದ ತೆಗೀರಿ. ನಮ್ಮ ಪಾಡ್‌ಕಾಸ್ಟ್ ಆಮೇಲೆ ಕೇಳಿದರೂ ನಡೀತೈತಿ.

ಮೊಬೈಲು ಮತ್ತು ಕಾಗದ

ಕಾಡಿನೊಳಗೆ ನೆಟ್‌ವರ್ಕ್ ಇರುತ್ತೆ ಅಂತ ನಂಬಬೇಡಿ. ಮ್ಯಾಪನ್ನ ಮೊದಲೇ ಡೌನ್‌ಲೋಡ್ ಮಾಡಿ. ಸಿಗ್ನಲ್ ಹುಡುಕುತ್ತಾ ಫೋನು ಬ್ಯಾಟರಿ ತಿನ್ನುತ್ತೆ, ಏರೋಪ್ಲೇನ್ ಮೋಡ್‌ಗೆ ಹಾಕಿ. 10,000 ಎಂಎಎಚ್ ಪವರ್‌ಬ್ಯಾಂಕ್ ಎರಡು ದಿನಕ್ಕೆ ಸಾಕು. ಟಾರ್ಚ್ ಬೇರೆ ಇರಲಿ, ಫೋನಿನ ಲೈಟು ನಂಬಬೇಡಿ. ಮನೆಯವರ ನಂಬರು, ರಕ್ತದ ಗುಂಪು, ನೀವು ತಗೊಳ್ಳೋ ಗುಳಿಗೆಯ ಹೆಸರು ಒಂದು ಕಾಗದದಲ್ಲಿ ಬರೆದು ಜೇಬಿನಲ್ಲಿ ಇಡಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108. ಕರ್ನಾಟಕ, ಆಂಧ್ರ ಎರಡೂ ಕಡೆ ಇವೇ ನಂಬರು.

ಬಿಸಿಲು ಬಡಿದರೆ

ಇದನ್ನ ಮಾತ್ರ ನೆನಪಿಟ್ಟುಕೊಳ್ರಿ. ತಲೆನೋವು, ಸ್ನಾಯು ಸೆಳೆತ, ವಾಕರಿಕೆ ಬಂದರೆ ಅದು ಮೊದಲ ಗಂಟೆ. ನೆರಳು, ವಿಶ್ರಾಂತಿ, ಓಆರ್‌ಎಸ್ ಕೊಟ್ಟರೆ ಸುಧಾರಿಸುತ್ತೆ. ಮಾತು ತಡವರಿಸಿದರೆ, ಸಂಬಂಧ ಇಲ್ಲದ್ದು ಮಾತಾಡಿದರೆ, ತೂರಾಡಿದರೆ ಅದು ಹೀಟ್‌ಸ್ಟ್ರೋಕ್. ದೇಹದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತೆ, ಜೀವಕ್ಕೆ ಅಪಾಯ. ಬೆವರು ಬರ್ತಿದ್ದರೂ ಆಗಬಹುದು, ಹಂಗಾಗಿ ಬೆವರು ನೋಡಿ ತೀರ್ಮಾನ ಮಾಡಬೇಡಿ.

ಆ ಅಜ್ಜಿ ಮಾಡಿದ್ದೇ ಸರಿಯಾದ ಚಿಕಿತ್ಸೆ. ನೆರಳಿಗೆ ತರಬೇಕು, ಬಟ್ಟೆ ಸಡಿಲ ಮಾಡಬೇಕು, ಮೈಯೆಲ್ಲಾ ಒದ್ದೆ ಮಾಡಿ ಗಾಳಿ ಹಾಕಬೇಕು. ಜೊತೆಗೆ 108ಕ್ಕೆ ಫೋನು, ಸಿಗ್ನಲ್ ಇಲ್ಲದಿದ್ದರೆ ಒಬ್ಬರು ಓಡಿ ಸಹಾಯ ಕರೆಯಬೇಕು. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತೆ. ಜ್ವರದ ಗುಳಿಗೆ ಕೊಟ್ಟರೆ ಪ್ರಯೋಜನ ಇಲ್ಲ, ಇದು ಜ್ವರ ಅಲ್ಲ. ಸುಧಾರಿಸಿದ ಮೇಲೂ ಮುಂದೆ ನಡೆಸಬೇಡಿ, ಆಸ್ಪತ್ರೆಗೆ ಕರಕೊಂಡು ಹೋಗಿ.

ಅಭ್ಯಾಸಕ್ಕೆ ನಮ್ಮ ಗುಡ್ಡ

ಎರಡು ತಿಂಗಳು ಮೊದಲೇ ಶುರು ಮಾಡ್ರಿ. ವಾರದಲ್ಲಿ ನಾಲ್ಕು ದಿನ ಒಂದು ತಾಸು ನಡಿಗೆ, ರವಿವಾರ ದೊಡ್ಡ ನಡಿಗೆ. ಲಕ್ಷ್ಮೇಶ್ವರದವರು ಸೋಮೇಶ್ವರ ಗುಡಿಯಿಂದ ಶಿರಹಟ್ಟಿಯ ಫಕೀರೇಶ್ವರ ಮಠದ ತನಕ ನಡೆದು ಬಸ್ಸಿಗೆ ವಾಪಸ್ ಬರಬಹುದು. ಮುಂಡರಗಿಯವರು ಕೊರ್ಲಹಳ್ಳಿ ಹೊಳಿ ದಂಡಿ ತನಕ ಹೋಗಬಹುದು. ಒಂದು ತಿಂಗಳಾದ ಮೇಲೆ ಬ್ಯಾಗು ಹಾಕ್ಕೊಳ್ರಿ. ಮೊದಲು 3 ಕೆ.ಜಿ., ಆಮೇಲೆ 5, ಆಮೇಲೆ 8.

ಏರು ಹತ್ತೋಕೆ ಕಪ್ಪತಗುಡ್ಡ ಐತಿ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿದ ಈ ಗುಡ್ಡವನ್ನ 2019ರಲ್ಲಿ ವನ್ಯಜೀವಿಧಾಮ ಅಂತ ಘೋಷಿಸಿದರು, 244 ಚದರ ಕಿಲೋಮೀಟರ್. ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತಗಿರಿ ನೋಡೋದು ಲೇಸು ಅಂತ ಗಾದೆಯೇ ಐತಿ. ಮೇಲೆ ಕಪ್ಪತ ಮಲ್ಲಯ್ಯನ ಗುಡಿಗೆ ಹಗಲಿನಲ್ಲಿ ಹೋಗಿ ಬನ್ನಿ. ಅಲ್ಲಿ ತೋಳ, ಕತ್ತೆಕಿರುಬ, ಚಿರತೆ ಇದ್ದಾವ, ರಾತ್ರಿ ಉಳಿಯೋದು, ಒಳಗೆ ಅಲೆಯೋದು ಬೇಡ. ಬೀಡಿ, ಸಿಗರೇಟು, ಒಲೆ ಬೇಡವೇ ಬೇಡ. ಬೇಸಿಗೆಯಲ್ಲಿ ಆ ಬೋದೆ ಹುಲ್ಲಿಗೆ ಒಂದು ಕಿಡಿ ಸಾಕು, ಗಿಡಮೂಲಿಕೆಯ ಗುಡ್ಡ ಸುಟ್ಟುಹೋಗುತ್ತೆ. ಅಲ್ಲಿ ನಿಮ್ಮ ಬ್ಯಾಗು, ಶೂ, ನೀರಿನ ಲೆಕ್ಕ ಮೂರೂ ಪರೀಕ್ಷೆ ಆಗುತ್ತೆ. ತಪ್ಪು ಆದರೆ ಮನಿ ಹತ್ತಿರ ಐತಿ.

ಹಿಮಾಲಯ ಕೇಳಿದ ತಮ್ಮನಿಗೆ

ಬೆಟಗೇರಿ ತಮ್ಮಾ, ನಿನ್ನ ಪ್ರಶ್ನೆ ಮರೆತಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ, ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿಕೊಂಡಿತು. ಒಂಬತ್ತು ಮಂದಿ ತೀರಿಕೊಂಡರು. ಉಳಿದವರನ್ನ ಕರೆತರೋಕೆ ವಾಯುಪಡೆಯ ಹೆಲಿಕಾಪ್ಟರ್ ಬೇಕಾಯಿತು. ಅವರೇನೂ ಬೇಜವಾಬ್ದಾರಿಯ ಜನ ಅಂತ ನಾನು ಹೇಳ್ತಿಲ್ಲ. ಬೆಟ್ಟದ ಹವಾಮಾನ ಯಾರ ಅನುಭವವನ್ನೂ ಕೇಳಿಕೊಂಡು ಬದಲಾಗೋದಿಲ್ಲ ಅಂತ ಹೇಳ್ತಿದ್ದೇನೆ ಅಷ್ಟೇ. ಅಲ್ಲಿ ಚಳಿ, ಇಲ್ಲಿ ಬಿಸಿಲು. ಎರಡೂ ಕಡೆ ಮೊದಲು ಕೆಡೋದು ಬುದ್ಧಿ. ಬುದ್ಧಿ ಕೆಟ್ಟವನಿಗೆ ತನ್ನ ಬುದ್ಧಿ ಕೆಟ್ಟಿದೆ ಅಂತ ಗೊತ್ತಾಗೋದಿಲ್ಲ, ಜೊತೆಗಾರನೇ ನೋಡಬೇಕು. ಹಂಗಾಗಿ ಮೊದಲು ನಿಮ್ಮ ಕಾಕಾನ ಜೊತೆ ಒಂದು ವರ್ಷ ಶ್ರೀಶೈಲಕ್ಕೆ ನಡಿ. 350 ಕಿಲೋಮೀಟರ್ ನಡೆದ ಕಾಲು, ನೀರು ಅಳೆಯೋಕೆ ಕಲಿತ ಕಣ್ಣು, ಹಿಂದಕ್ಕೆ ತಿರುಗೋಕೆ ನಾಚದ ಮನಸ್ಸು ಇದ್ದರೆ ಹಿಮಾಲಯದ ತಯಾರಿ ಅರ್ಧ ಆದಂಗ.

ಕೊನೆಗೆ ಒಂದು ಲೆಕ್ಕ. ಕಾಡಿಗೆ ಇಳಿಯುವಾಗ ನಾನು ಈಗ ನಾಲ್ಕಲ್ಲ, ಐದು ಲೀಟರ್ ನೀರು ಹೊರ್ತೀನಿ. ಐದನೇದು ನನ್ನದಲ್ಲ. ದಾರಿಯಲ್ಲಿ ಯಾರಿಗೋ ಬೇಕಾಗುತ್ತೆ ಅಂತ. ನನ್ನ ಗೆಳೆಯನಿಗೆ ಅವತ್ತು ಬೇಕಾಗಿತ್ತು, ಅಜ್ಜಿ ಹೊತ್ತಿದ್ದಳು. ಅವಳ ಹೆಸರು ಕೇಳೋದನ್ನ ನಾವು ಮರೆತೆವು.

ನಿಮ್ಮ ಮನೆಯ ಹಿರಿಯರು ಯಾತ್ರೆಗೆ ಏನು ಬುತ್ತಿ ಕಟ್ಟಿಕೊಳ್ತಾರೆ, ನೀರು ಹೆಂಗ ಒಯ್ತಾರೆ ಅಂತ ಕೇಳಿ, ಅವರ ದನಿಯಲ್ಲೇ ರೆಕಾರ್ಡ್ ಮಾಡಿ ನಮಗೆ ವಾಯ್ಸ್ ಮೆಸೇಜ್ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀವಿ. ಅಲ್ಲಿವರೆಗೆ ನಡೀತಾ ಇರ್ರಿ, ನೀರು ಕುಡೀತಾ ಇರ್ರಿ. ನಮಸ್ಕಾರ.